ಕಿಟಕಿ ಬಣ್ಣದ ಕುರಿಗಳು

ನಮ್ಮ ಮಾವ ಚಿಕ್ಕರಂಗಯ್ಯನವರಿಗೆ ಬುದ್ಧಿ ಬರುವುದು ಯಾವಾಗಲೂ ಕೆಲಸ ಕೆಟ್ಟ ಮೇಲೆ. ಅವರ ಜೊತೆ ಇಷ್ಟು ವರ್ಷ ಬಾಳ್ವೆ ಮಾಡಿದ ಅತ್ತೆ ದೊಡ್ಡಕ್ಕನಿಗೆ ಯಾರಾದರೂ ಸನ್ಮಾನ ಮಾಡಬೇಕು.

ಉಣ್ಣೆ ಕತ್ತರಿಸುವ ಹಿಂದಿನ ದಿನ ಕುರಿಗಳ ಮೈ ತೊಳೆಯುವುದು ನಮ್ಮಲ್ಲಿ ವಾಡಿಕೆ. ಮಾವ ಅವನ್ನು ಮದಲೂರು ಕೆರೆಗೆ ಇಳಿಸಿ ಒಂದೊಂದನ್ನೂ ತಿಕ್ಕಿ ತೊಳೆದರು. ಅಲ್ಲಿಯವರೆಗೆ ಸರಿ. ದಡದಲ್ಲಿ ನಮ್ಮೂರಿನ ಕದರಪ್ಪನ ಮಂದೆಯೊಂದಿಗೆ ನಮ್ಮವು ಬೆರೆತುಬಿಟ್ಟವಂತೆ. ಹೇಗೋ ಬೇರ್ಪಡಿಸಿ ಮನೆಗೆ ತಂದವರು, ಇನ್ನೊಮ್ಮೆ ಬೆರೆತರೆ ಗುರುತಿರಲಿ ಎಂದು, ಕಿಟಕಿಗೆ ಹೊಡೆದು ಉಳಿದಿದ್ದ ಹಸಿರು ಪೇಂಟನ್ನು ಎಲ್ಲದರ ಬೆನ್ನಿಗೂ ಬಳಿದರು. ಬೆಳಗಾದರೆ ಕತ್ತರಿಸಬೇಕಾದ ಉಣ್ಣೆಗೆ! ತೊಳೆದದ್ದೆಲ್ಲ ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗಾಯಿತು.

ಬೆಳಗ್ಗೆ ಕತ್ತರಿ ಮಸೆದುಕೊಂಡು ದೊಡ್ಡಿಗೆ ಹೋದ ಅತ್ತೆ ಅಲ್ಲಿಂದಲೇ ಮಾವನನ್ನು ಕೂಗಿ ಕರೆದರು. ಬರುವ ತಿಂಗಳು ನನ್ನ ನಾದಿನಿ ವನಜಾಕ್ಷಿಯ ಮದುವೆ. ಈ ಮನೆಯ ಹೆಣ್ಣುಮಕ್ಕಳು ಮನೆಯದೇ ಕುರಿಗಳ ಕರಿ ಕಂಬಳಿ ಮೇಲೆ, ಗಂಡಿನ ಪಕ್ಕ ಕೂತು ಧಾರೆ ಎರೆಸಿಕೊಳ್ಳಬೇಕು. ಆ ಕಂಬಳಿಗೇ ಈ ಉಣ್ಣೆ. ಬಣ್ಣ ತಾಗಿದ್ದು ಅದಕ್ಕೆ ಆಗದು.

“ಇವೇನು ಕಿಟಕಿನಾ? ಕತ್ರಿ ಹಾಕಾ ಉಣ್ಣೆಗೆ ಯಾರಾನ ಪೇಂಟ್ ಹೊಡೀತಾರಾ?”

“ಯಾಕಂಗೆ ಅರಚ್ಕಂತೀಯಾ?” ಅಂದರು ಮಾವ. “ಸಿರಾದಾಗೆ ಕಂಬಳಿಗೇನು ಬರವಾ? ಒಂದು ತಂದ್ಬುಡಾನ.”

“ಮಗಳ್ನೂ ಅಂಗ್ಡೀಲೇ ತಂದಿದ್ಯಾ?”

ಮಾವ ಬಾಯಿ ಮುಚ್ಚಿದರು. ಕೈಯನ್ನೂ ಕಟ್ಟಿಕೊಂಡಿರಬಾರದೇ? ಬೈಕಿನಿಂದ ಪೆಟ್ರೋಲ್ ಇಳಿಸಿ ತಂದು ಒಂದು ಕುರಿಯ ಬೆನ್ನು ಉಜ್ಜಿದರು. ಹಸಿರು ಪಕ್ಕೆಗೂ ಹರಡಿತು. ನಾನು ಬಾಟಲಿ ಕಿತ್ತುಕೊಂಡೆ. ಅಳು ಬರುವಷ್ಟು ಸಿಟ್ಟು ಬಂದಿತ್ತು.

ಅತ್ತೆ ಬೈಯುತ್ತಲೇ ಕುರಿಗಳ ಕಾಲು ಕಟ್ಟಿ ಮಲಗಿಸಿ, ಬಣ್ಣ ತಾಗದ ಪಕ್ಕೆ, ಕತ್ತಿನ ಉಣ್ಣೆಯನ್ನು ಬೇರೆ ತೆಗೆದರು. ಬೆನ್ನಿನದೆಲ್ಲ ತಿಪ್ಪೆಗೆ ಹೋಯಿತು. ಸಂಜೆಗೆ ಗೋಣಿಚೀಲ ಅರ್ಧವೂ ತುಂಬಲಿಲ್ಲ.

“ಇದ್ರಾಗೆ ಒಬ್ರು ಕುಂತ್ಕಳಾ ಅಷ್ಟು ಆಗ್ತದೆ. ಗಂಡು ಹೆಣ್ಣು ಇಬ್ರೂ ಹೆಂಗೆ ಕುಂತ್ಕಂತಾರೆ?” ಅತ್ತೆ ಚೀಲವನ್ನು ಮಗಳ ಕಡೆ ತಳ್ಳಿದರು.

ವನಜಾಕ್ಷಿ ಚೀಲದ ಬಾಯಿ ಕಟ್ಟುತ್ತಾ, “ನಾನು ಕುಂತ್ಕಂತೀನಿ ಬುಡವ್ವ. ಅವ್ರು ಪಕ್ಕದಾಗೆ ಚಾಪೆ ಹಾಸ್ಕಳ್ಲಿ. ಕುರಿ ನಮ್ಮವು ತಾನೇ?” ಎಂದಳು.

ಅತ್ತೆ ಆ ದಿನ ಮೊದಲ ಸಲ ನಕ್ಕರು. ನಗುತ್ತಲೇ ಮಗಳನ್ನು ತಬ್ಬಿಕೊಂಡು ಅತ್ತುಬಿಟ್ಟರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮಾವನ ಕಡೆ ತಿರುಗಿದರು.

“ಫೋನ್ ತಗಾ. ಅಳಿಯಂಗೆ ಯಾಕೆ ಚಾಪೆ ಅಂತ ಬೀಗರಿಗೆ ನೀನೇ ಹೇಳು.”