ಹುಣಸೆಹಣ್ಣು ಹಚ್ಚಿ ತಿಕ್ಕಿದ ನಾಣ್ಯ

ಇಸವಿಯ ಕೆಳಗಿನ ಚಿಕ್ಕ ಗುರುತು ನೋಡಿದರೆ ನಾಣ್ಯ ಯಾವ ಟಂಕಸಾಲೆಯದೆಂದು ತಿಳಿಯುತ್ತದೆ. ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕಿಯಿದ್ದರೆ ನೋಯ್ಡಾ. ನನಗೆ ಬೇಕಾದದ್ದು ಅಚ್ಚಿನಲ್ಲಿ ಎಡವಟ್ಟಾದ ಗುರುತುಗಳು. ಹನುಮನಹಳ್ಳಿಯಲ್ಲಿ ಹನುಮಪ್ಪನ ಗುಡಿಯಿರುವ ಬೆಟ್ಟದ ಕೆಳಗೆ ತೆಂಗಿನಕಾಯಿ ಮಾರುವ ಅಜ್ಜಿಗೆ ಇದನ್ನು ಹೇಳಿಟ್ಟಿದ್ದೆ. ಎಲ್ಲೆಲ್ಲಿಂದಲೋ ಬರುವ ಭಕ್ತರ ಚಿಲ್ಲರೆ ಅವಳ ಕೈಗೇ ಬೀಳುತ್ತದೆ.

ಒಂದು ಶನಿವಾರ ಅವಳು ಸೆರಗಿನ ಗಂಟು ಬಿಚ್ಚಿ, ಐದು ರೂಪಾಯಿಯ ಹಳದಿ ನಾಣ್ಯವೊಂದನ್ನು ನನ್ನ ಅಂಗೈಯಲ್ಲಿಟ್ಟಳು. ನಕ್ಷತ್ರ ಇಸವಿಗೆ ಅಂಟಿಕೊಂಡಿತ್ತು. ನಾನು ವರ್ಷಗಳಿಂದ ಹುಡುಕುತ್ತಿದ್ದುದು ಅದನ್ನೇ. ಆದರೆ ನಾಣ್ಯ ಫಳಫಳ ಹೊಳೆಯುತ್ತಿತ್ತು.

“ನಿಮಗಂತ ಎತ್ತಿಟ್ಟಿದ್ದೆ ನೋಡ್ರಿ. ಭಾಳ ಹೊಲಸಾಗಿತ್ತು, ಹುಣಸಿಹಣ್ಣು ಹಚ್ಚಿ ತಿಕ್ಕೀನಿ,” ಎಂದಳು.

ಸಂಗ್ರಹಕ್ಕೆಂದು ಇಡುವ ನಾಣ್ಯವನ್ನು ತಿಕ್ಕಿದರೆ ಅದು ಕೆಟ್ಟಂತೆಯೇ. ನನಗೆ ಸಿಟ್ಟು ನೆತ್ತಿಗೇರಿತು. ‘ತಿಕ್ಕು ಅಂತ ಯಾರು ಹೇಳಿದ್ರು ನಿನಗ?’ ಎಂಬ ಮಾತು ಬಾಯಿಗೆ ಬಂದಿತ್ತು. ಹೇಗೋ ನುಂಗಿಕೊಂಡು ಗಂಗಾವತಿಯ ಬಸ್ಸು ಹತ್ತಿದೆ.

ಮನೆಯಲ್ಲಿ ಅದನ್ನು ಡಿಜಿಟಲ್ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಪರದೆಯ ತುಂಬ ಗೀರುಗಳು ಕಂಡವು. ದೇವರ ದೀಪ ಬೆಳಗುವ ಕೈ ತಿರುಗಿದ ಹಾಗೆ ಎಲ್ಲವೂ ಸುತ್ತುಸುತ್ತಾಗಿದ್ದವು. ಆದರೆ ನಕ್ಷತ್ರದ ಹತ್ತಿರ ಬಂದು ಅಲ್ಲೇ ನಿಂತಿದ್ದವು. ಅಲ್ಲಿ ಮಾತ್ರ ಹಳೆಯ ಮಾಸಲು ಬಣ್ಣ ಹಾಗೇ ಇತ್ತು. ನನ್ನ ಗುರುತು ಅಳಿಯದಿರಲೆಂದು ಅದರ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಅವಳು ಸುತ್ತಲೂ ಮಾತ್ರ ತಿಕ್ಕಿದ್ದಳು.

ಬಾಯಿಗೆ ಬಂದ ಮಾತನ್ನು ಅಲ್ಲೇ ನುಂಗಿಸಿದ ಹನುಮಪ್ಪನಿಗೆ ಕೂತಲ್ಲಿಂದಲೇ ಕೈ ಮುಗಿದೆ.