ಟೇಬಲ್ಲಿಗೆ ಬಂದ ಜ್ವರ

ಬಾಗಲಕೋಟೆಗೆ ಬಂದ ಮೊದಲ ಬೇಸಿಗೆಯಲ್ಲಿ ನನಗೆ ನೂರಾ ಆರು ಡಿಗ್ರಿ ಜ್ವರ. ನನಗೊಬ್ಬಳಿಗೇ ಅಲ್ಲ, ನನ್ನ ತರಗತಿಯ ಅಷ್ಟೂ ಹುಡುಗಿಯರಿಗೆ, ಬಾಗಿಲಲ್ಲಿ ತೂಕಡಿಸುತ್ತಿದ್ದ ಜವಾನನಿಗೂ! ಥರ್ಮಾಮೀಟರನ್ನು ಎಷ್ಟು ಕೊಡವಿದರೂ ಪಾದರಸ ಕೆಳಗಿಳಿಯಲೊಲ್ಲದು. ಇಳಿಯುವುದಾದರೂ ಹೇಗೆ? ಕೋಣೆಯ ಗಾಳಿಯೇ ಮನುಷ್ಯರ ಮೈಗಿಂತ ಬಿಸಿ. ಮೈಸೂರಿನಲ್ಲಿ ಫ್ಯಾನಿನ ಕೆಳಗೆ ಕೂತು ಕಲಿತ ನನ್ನ ಶರೀರಶಾಸ್ತ್ರ ಈ ಊರಿನ ಮೇ ತಿಂಗಳ ಮುಂದೆ ಬೆಪ್ಪಾಗಿ ನಿಂತಿತು.

ಇದು ಎಪ್ಪತ್ತರ ದಶಕದ ಮಾತು. ನಾನು ಬಂದದ್ದು ಇಲ್ಲಿನ ದಾದಿಯರ ತರಬೇತಿ ಶಾಲೆಗೆ, ಪಾಠ ಹೇಳಲು. ಮೈಸೂರಿನಲ್ಲಿ ಸಂಜೆಯಾದರೆ ತಂಗಾಳಿ, ಇಲ್ಲಿ ಸಂಜೆಯಾದರೆ ಗೋಡೆಯೇ ಕಾವು ಕಾರುತ್ತದೆ. ಅಲ್ಲಿ ಮಲ್ಲಿಗೆ, ಇಲ್ಲಿ ಧೂಳು ಮತ್ತು ಹಂದಿ. ಊಟಕ್ಕೆ ಕಡಕ್ ರೊಟ್ಟಿ, ಅಂದರೆ ಹಪ್ಪಳದಂತೆ ಒಣಗಿಸಿದ ಜೋಳದ ರೊಟ್ಟಿ. ಒಂದು ಕಡಿದು ನೋಡಿ, ದವಡೆಯಲ್ಲಿ ಎಷ್ಟು ಸ್ನಾಯುಗಳಿವೆಯೆಂದು ಪುಸ್ತಕವಿಲ್ಲದೆ ತಿಳಿಯುತ್ತದೆ. ಬಾಡಿಗೆ ಮನೆಯ ಒಡತಿ ನೀಲವ್ವ ನನ್ನ ಅನ್ನದ ತಟ್ಟೆ ಕಂಡರೆ ಮರುಗುತ್ತಿದ್ದಳು. "ಬರೇ ಅನ್ನಾ ಉಂಡ್ರ ಮೈಯಾಗ ಕಸುವು ಎಲ್ಲಿಂದ ಬರಬೇಕ್ರಿ?" ನನ್ನ ಮಾತು ಕೇಳಿದರಂತೂ ಮನೆಮಂದಿಗೆಲ್ಲ ನಗು. ನಾನು ರೇಡಿಯೋದಂತೆ ಮಾತಾಡುತ್ತೇನಂತೆ! ಭಾನುವಾರಗಳಲ್ಲಿ ಮಾತಾಡಲು ಯಾರೂ ಇಲ್ಲದೆ ನನ್ನ ನಾಡಿಯನ್ನು ನಾನೇ ಹಿಡಿದು ಎಣಿಸಿಕೊಂಡು ಕೂತದ್ದುಂಟು. ರಜಕ್ಕೆ ಹೋದಾಗ ಅಮ್ಮನ ಮುಂದೆ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿದೆ. "ಆ ಬೆಂಕಿ ಊರಿನವರಿಗೆ ವಿದ್ಯೆ ಬೇರೆ ಕೇಡು. ರೊಟ್ಟಿ ಬಡಿದುಕೊಂಡು ಬಿದ್ದಿರಲಿ" ಎಂದೆ.

ಪಾಠವನ್ನಂತೂ ಬಿಡುವ ಹಾಗಿರಲಿಲ್ಲ. ನೀಲವ್ವನಿಂದ ಒಂದು ಹರವಿ ಕೇಳಿ ತಂದೆ. ಹರವಿ ಎಂದರೆ ನೀರಿನ ಮಣ್ಣಿನ ಕೊಡ. ಸುತ್ತ ಒದ್ದೆ ಬಟ್ಟೆ ಸುತ್ತಿ ತರಗತಿಯ ಮೂಲೆಯಲ್ಲಿಟ್ಟೆ. ಥರ್ಮಾಮೀಟರನ್ನು ಅದರ ತಣ್ಣೀರಿನಲ್ಲಿ ಅದ್ದಿ, ಕೊಡವಿ, ತಡಮಾಡದೆ ನಾಲಿಗೆಯಡಿ ಇಡಬೇಕು. ತೆಗೆದ ತಕ್ಷಣ ಓದಬೇಕು. ತಡವಾದರೆ ಬರುವುದು ಮೈಯ ಬಿಸಿಯಲ್ಲ, ಬಾಗಲಕೋಟೆಯ ಬಿಸಿ. ಈ ಊರಿನ ಮೇಲೆ ನಾನು ಗೆದ್ದದ್ದು ಅದೊಂದೇ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಗುಡೂರಿನ ಗಂಗವ್ವ. ಮೊದಲ ದಿನ "ನಿನ್ನ ಉಸಿರು ಎಣಿಸ್ತೀನಿ" ಎಂದೊಡನೆ ಉಸಿರನ್ನೇ ಬಿಗಿಹಿಡಿದು ಕೂತಿದ್ದ ಪೆದ್ದಿ! ಅವಳು ನಪಾಸಾಗಲೆಂದೇ ಊರಲ್ಲಿ ಸೋದರಮಾವನೊಬ್ಬ ಬಾಸಿಂಗ ಕಟ್ಟಿಕೊಳ್ಳಲು ಕಾದಿದ್ದ. "ಒಮ್ಮಿ ಫೇಲಾದ್ರ ಸಾಲಿ ಬಿಡಿಸಿ ಅವಗ ಕೊಡ್ತಾರ್ರಿ ಅಕ್ಕಾರ. ಅಂವಾ ನಮ್ಮಪ್ಪನ ವಾರಿಗಿಯಂವ" ಎಂದು ಅಳುತ್ತಿದ್ದಳು. ಅಕ್ಕಾರು ಎಂದರೆ ಇಲ್ಲಿ ಮೇಷ್ಟರಮ್ಮ, ವಾರಿಗಿ ಎಂದರೆ ಓರಗೆ.

ಪ್ರಾಯೋಗಿಕ ಪರೀಕ್ಷೆಗೆ ಬಂದ ಪರೀಕ್ಷಕರು ನಮ್ಮ ಮೈಸೂರಿನವರೇ. ಬೆವರು ಒರೆಸಿಕೊಳ್ಳುತ್ತ ಬಂದರು, ಬೈಯುತ್ತ ಕೂತರು. ಗಂಗವ್ವ ಥರ್ಮಾಮೀಟರನ್ನು ಹರವಿಯಲ್ಲಿ ಅದ್ದಿ, ಗೆಳತಿಯ ಬಾಯಲ್ಲಿಟ್ಟು, ತೆಗೆದು ಓದಿ, ತೊಂಬತ್ತೆಂಟು ಪಾಯಿಂಟ್ ನಾಲ್ಕು ಎಂದು ಬರೆದಳು. ಮಹಾಶಯರು ಥರ್ಮಾಮೀಟರನ್ನು ಕೈಗೆ ತೆಗೆದುಕೊಂಡು, ಶುಚಿತ್ವದ ಬಗ್ಗೆ ಉದ್ದನೆಯ ಭಾಷಣ ಬಿಗಿದು, ಆಮೇಲೆ ಕನ್ನಡಕ ಏರಿಸಿ ನೋಡಿದರು. ನೂರಾ ಐದು ದಾಟಿತ್ತು.

"ಪುಸ್ತಕದಲ್ಲಿದ್ದುದನ್ನು ಬರೆದುಬಿಟ್ಟೆಯೇನಮ್ಮಾ? ಸೊನ್ನೆ!"

"ಬಾಯಾಗಿಂದ ತಗದ ಕೂಡ್ಲೇ ನೋಡೇನ್ರೀ ಸರ್. ಖರೇನ ಅಷ್ಟ ಇತ್ರಿ."

ಅವರು ಅವಳತ್ತ ನೋಡಲೂ ಇಲ್ಲ. ನನ್ನ ಕಡೆ ತಿರುಗಿ ನಕ್ಕರು. "ನೀವು ನಮ್ಮ ಕಡೆಯವರು, ನಿಮಗೆ ಗೊತ್ತಲ್ಲ. ಇವರಿಗೆಲ್ಲ ಇದು ಯಾಕೆ ಬೇಕು ಹೇಳಿ? ರೊಟ್ಟಿ ಬಡಿದುಕೊಂಡು ಇರಲಿ."

ಅಬ್ಬಾ, ನನ್ನದೇ ಮಾತು! ಆ ಎಣ್ಣೆ ಮುಖದಿಂದ ಹೊರಟಾಗ ಎಷ್ಟು ಹೊಲಸಾಗಿ ಕೇಳಿಸಿತು! ಮೈ ಉರಿದುಹೋಯಿತು. ಎದ್ದು ಥರ್ಮಾಮೀಟರನ್ನು ಹರವಿಯಲ್ಲಿ ಅದ್ದಿ ಕೊಡವಿ, ಪಾದರಸ ಕೆಳಗಿಳಿದದ್ದನ್ನು ಅವರಿಗೆ ತೋರಿಸಿ, ಅವರ ಟೇಬಲ್ಲಿನ ಮೇಲಿಟ್ಟೆ. ಯಾರೂ ಮುಟ್ಟಲಿಲ್ಲ. ಪಾದರಸ ತಾನಾಗಿ ಏರಿತು.

"ಟೇಬಲ್ಲಿಗೆ ನೂರಾ ಐದು ಜ್ವರ ಸಾರ್. ಅಡ್ಮಿಟ್ ಮಾಡಿಕೊಳ್ಳೋಣವೇ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪರೀಕ್ಷಕರು ಕೆಮ್ಮಿದರು, ಕನ್ನಡಕ ಒರೆಸಿದರು, ಹಾಕಿದ್ದ ಸೊನ್ನೆಯನ್ನು ಹೊಡೆದುಹಾಕಿ ಅಂಕ ಬರೆದರು. ಗಂಗವ್ವ ಪಾಸಾದಳು.

ಬೆಂದ ಊರು ಇದು, ಇವತ್ತಿಗೂ ಹೇಳುತ್ತೇನೆ. ಆದರೆ ನೀವು ಮೈಸೂರಿನಲ್ಲಿ ಕೂತು ಹಾಗನ್ನುವಂತಿಲ್ಲ. ಬೈಯುವವರು ಮೊದಲು ಬಂದು ಇಲ್ಲಿ ಒಂದು ಮೇ ತಿಂಗಳು ಬೆವರಲಿ.

ಆ ಸಂಜೆ ಗಂಗವ್ವ ಹರವಿ ತೊಳೆಯುತ್ತ ಕೇಳಿದಳು: "ಅಕ್ಕಾರ, ನಿಮ್ಮ ಕಡೀ ಮಂದಿ ಎಲ್ಲಾರೂ ಹಿಂಗ ಏನ್ರಿ?"

ನನ್ನ ಮುಖ ನೋಡಿ, ಪಾಪ, ಅವಳೇ ಸಮಾಧಾನ ಹೇಳಿದಳು.

"ನೀವು ಹಂಗಲ್ಲ ಬಿಡ್ರಿ."