ಹಡಗಿಲ್ಲದ ಊರಿನ ಅಜ್ಜಿ

ಕಳೆದ ವಾರ ನನ್ನ ಮೊಮ್ಮಗಳು ನನ್ನ ಮುಖ ನೋಡಿದ್ದೇ ತಡ ಕಿಟಾರನೆ ಕಿರುಚಿ, ಪಕ್ಕದ ಮನೆ ಗಿರಿಜಕ್ಕನ ಸೊಂಟ ಏರಿ ಕುಳಿತುಬಿಟ್ಟಳು.

ಅದೂ ನಮ್ಮ ಮನೆ ಬಾಗಿಲಲ್ಲಿ. ಅದೂ ನಾನು ಆರತಿ ತಟ್ಟೆ ಹಿಡಿದು ನಿಂತಿರುವಾಗ. ಇದಕ್ಕಿಂತ ಅವಮಾನ ಬೇಕೇ?

ಮೊದಲಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ನೀವೂ ಗಿರಿಜಕ್ಕನ ಪಾರ್ಟಿ ಸೇರಿಬಿಡುತ್ತೀರಿ.

ನನ್ನ ಮಗಳು ರೂಪಾ ಇರುವುದು ಮಂಗಳೂರಿನಲ್ಲಿ. ಅಳಿಯನಿಗೆ ಬಂದರಿನಲ್ಲಿ ಕೆಲಸ. ಅವರ ಮಗಳು ಇಳಾ, ಎರಡೂವರೆ ವರ್ಷದವಳು. ಚೊಚ್ಚಲ ಬಾಣಂತನ ತವರಿನಲ್ಲಿ ತಾನೇ? ಹಾಗಾಗಿ ಕೂಸು ಹುಟ್ಟಿದ್ದು ದಾವಣಗೆರೆಯಲ್ಲಿ, ಬೆಳೆದದ್ದು ನಮ್ಮ ಎಂ.ಸಿ.ಸಿ. ಬಿ ಬ್ಲಾಕಿನ ಮನೆಯಲ್ಲಿ. ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು ತೊಟ್ಟಿಲಿಗೆ ಹಾಕಿದವಳು ನಾನು. ಐದು ತಿಂಗಳು ತುಂಬಿದ ಮೇಲೆ ಅಳಿಯ ಬಂದು ಕರೆದುಕೊಂಡು ಹೋದರು. ಮೊದಲ ಬರ್ತ್‌ಡೇಗೆ ಹೋಗಿ ಬಂದೆ. ಆಮೇಲೆ ನನ್ನ ಮಂಡಿ ಕೈಕೊಟ್ಟಿತು. ಆಪರೇಷನ್, ವಾಕರ್, ಫಿಸಿಯೋಥೆರಪಿ ಎಲ್ಲ ಆಯಿತು. ಘಟ್ಟದ ರಸ್ತೆಯಲ್ಲಿ ಅಷ್ಟು ಹೊತ್ತು ಬಸ್ಸಿನಲ್ಲಿ ಕೂರುವ ಮಾತೇ ಎತ್ತಬೇಡಿ ಅಂದರು ಡಾಕ್ಟರು.

ಅಲ್ಲಿಂದ ಈಚೆಗೆ ನಾವಿಬ್ಬರೂ ಭೇಟಿಯಾಗುವುದು ವಿಡಿಯೋ ಕಾಲ್‌ನಲ್ಲಿ ಮಾತ್ರ.

ದಿನಾ ದೀಪ ಹಚ್ಚಿದ ಮೇಲೆ ರೂಪಾ ಫೋನ್ ಮಾಡುತ್ತಾಳೆ. ಅದು ನಮ್ಮ ಮಂಡಕ್ಕಿ ಹೊತ್ತು. (ಬೇರೆ ಊರಿನವರು ಸಂಜೆ ವಾಕಿಂಗ್ ಹೋಗುತ್ತಾರಂತೆ. ದಾವಣಗೆರೆಯವರು ಮಂಡಕ್ಕಿ ತಿನ್ನುತ್ತೇವೆ.) ನೈಟಿ ಹಾಕಿಕೊಂಡು, ಹೆಗಲ ಮೇಲೊಂದು ಟವೆಲ್ ಹೊದ್ದು, ಮೂಗಿನ ತುದಿಗೆ ಕನ್ನಡಕ ಏರಿಸಿ, ಸ್ಟೀಲ್ ಬೋಗುಣಿಯಲ್ಲಿ ಮಂಡಕ್ಕಿ ಕಲಸುತ್ತಾ ದಿವಾನದ ಮೇಲೆ ಕೂತಿರುತ್ತೇನೆ. ಖಾರ ಹಾಕುವ ಮೊದಲು ಒಂದು ಕಾಳು ತೆಗೆದು ಫೋನಿಗೆ ಹಿಡಿದು, "ಆಂ ಮಾಡು, ಆಂ" ಅನ್ನುತ್ತೇನೆ. ಅಲ್ಲಿ ಇಳಾ ಬಾಯಿ ತೆರೆಯುತ್ತಾಳೆ. ರೂಪಾ ಪಕ್ಕದಿಂದ ಮೆಲ್ಲಗೆ ಒಂದು ಕಾಳು ಅವಳ ಬಾಯಿಗೆ ಹಾಕುತ್ತಾಳೆ. ಕೂಸಿನ ಲೆಕ್ಕದಲ್ಲಿ ತಿನ್ನಿಸಿದವಳು ಅಜ್ಜಿಯೇ. ಆಮೇಲೆ ಫೋನಿಗೆ ಮುತ್ತು ಕೊಡುತ್ತಾಳೆ, ಸ್ಕ್ರೀನೆಲ್ಲ ಜೊಲ್ಲಾಗುತ್ತದೆ.

ಇಂಥ ಮೊಮ್ಮಗಳು ನಾಲ್ಕು ದಿನಕ್ಕೆ ಬರುತ್ತಾಳೆ ಎಂದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ, ನಿಮ್ಮ ಮುಂದೆ ಏನು ನಾಚಿಕೆ? ಮಂಗಳೂರಿನಲ್ಲಿ ನನ್ನ ಬೀಗಿತ್ತಿ ಇದ್ದಾರೆ. ತುಂಬಾ ಒಳ್ಳೆಯವರು. (ಅದೇ ಕಷ್ಟ.) ಕೂಸು ಎದ್ದರೆ ಅವರು, ಬಿದ್ದರೆ ಅವರು. ಈ ನಾಲ್ಕು ದಿನದಲ್ಲಾದರೂ ಕೂಸು ನನ್ನ ತೊಡೆ ಮೇಲೆ ಕೂತು, ನನ್ನ ಕುತ್ತಿಗೆಗೆ ಕೈ ಹಾಕಿ ಅಜ್ಜಿ ಅನ್ನಬೇಕು. ನನಗೆ ಬೇಕಿದ್ದದ್ದು ಇಷ್ಟೇ.

ಅದಕ್ಕೆ ತಯಾರಿ ನಡೆಸಿದೆ. ರವೆ ಉಂಡೆ, ಹೋಳಿಗೆ, ಶಾವಿಗೆ ಪಾಯಸ. ಮಂಡಕ್ಕಿ ಡಬ್ಬ ಅಟ್ಟ ಸೇರಿತು. ಕೂಸು ಅಷ್ಟು ದೂರದಿಂದ ಬಂದು ಮಂಡಕ್ಕಿ ತಿನ್ನಬೇಕೇ? ಜನ ಏನಂದಾರು? ನಮ್ಮ ಮನೆಯವರು ಮಾತ್ರ, "ಸಂಜಿಗೆ ಒಂದ್ ಮುಷ್ಟಿ ನನಗಾದ್ರೂ ಇಟ್ಟಿರು" ಎಂದು ಗೊಣಗಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಳಿಯನಿಗೆ ರಜೆ ಸಿಗಲಿಲ್ಲ; ರೂಪಾ, ಇಳಾ ಇಬ್ಬರೇ ಬರುವ ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟೆ. ಮುಡಿ ತುಂಬ ಮಲ್ಲಿಗೆ ಮುಡಿದೆ. ಫೋಟೋದಲ್ಲಿ ಚೆನ್ನಾಗಿ ಕಾಣಲಿ ಎಂದು ಕನ್ನಡಕ ತೆಗೆದಿಟ್ಟೆ. ಕೂಸು ಮೊದಲ ಸಲ ತನ್ನ ಕಾಲ ಮೇಲೆ ನಡೆದುಕೊಂಡು ಅಜ್ಜಿ ಮನೆ ಹೊಸಿಲು ದಾಟುತ್ತಿದೆ, ಆರತಿ ಇಲ್ಲದೆ ಕರೆದುಕೊಳ್ಳುವುದುಂಟೇ? ತಟ್ಟೆಗೆ ಕೆಂಪು ನೀರು ಕಲಸಿದೆ, ಬತ್ತಿ ಹಚ್ಚಿದೆ.

ಈಗ ಕೂಸಿನ ಕಡೆಯಿಂದ ನೋಡಿ. ನಿದ್ದೆಗಣ್ಣಿನಲ್ಲಿ ಆಟೋದಿಂದ ಇಳಿಯುತ್ತದೆ. ಎದುರಿಗೆ ಜಗಜಗ ಹೊಳೆಯುವ ಸೀರೆ ಉಟ್ಟ ದಪ್ಪ ಹೆಂಗಸು. ಅವಳ ಕೈಯಲ್ಲಿ ಬೆಂಕಿ. ಆ ಬೆಂಕಿಯನ್ನು ತಂದು ಮುಖದ ಸುತ್ತ ತಿರುಗಿಸುತ್ತಿದ್ದಾಳೆ. ನೀವಾದರೂ ಕಿರುಚದೆ ಇರುತ್ತೀರಾ?

ಅದೇ ಹೊತ್ತಿಗೆ ಗಿರಿಜಕ್ಕ ಬಾಗಿಲು ಗುಡಿಸುತ್ತಿದ್ದವಳು ಪೊರಕೆ ಬಿಟ್ಟು ಬಂದಳು. ಮೈಮೇಲೆ ನೈಟಿ, ಹೆಗಲ ಮೇಲೆ ಟವೆಲ್. "ಬಾರೆ ನನ್ನವ್ವ" ಎಂದು ಕೈ ಚಾಚಿದಳು. ಕೂಸು ಹೋಗಿಬಿಟ್ಟಿತು.

"ಯಾರತ್ರ ಹೋಗ್ಬೇಕು ಅನ್ನಾದು ಕೂಸಿಗೆ ಹೆಂಗೆ ಗೊತ್ತಾಗ್ತೈತೆ ನೋಡ್ರಿ" ಅಂದಳು ಗಿರಿಜಕ್ಕ. ನಕ್ಕಳು ಬೇರೆ. ನಾನೂ ನಕ್ಕೆ.

ಅವತ್ತಿಡೀ ನಾನು ಹತ್ತಿರ ಹೋದರೆ ಇಳಾ ಅವಳಮ್ಮನ ಹಿಂದೆ. ಉಂಡೆ ಕೊಟ್ಟರೆ ಬೇಡ. ಗೊಂಬೆ ಕೊಟ್ಟರೆ ಗೊಂಬೆಯನ್ನು ಕಸಿದುಕೊಂಡು ಓಡಿದಳು. ಸಂಜೆಯಾದಾಗ ಇನ್ನೊಂದು ಏಟು ಬಿತ್ತು. ಇಳಾ ಮಂಚದ ಮೇಲಿದ್ದ ಫೋನ್ ಎತ್ತಿಕೊಂಡು ಹೋಗಿ ರೂಪಾ ಕೈಗೆ ಕೊಟ್ಟು, "ಅಜ್ಜಿಗೆ ಮಾಡು" ಅಂದಳು.

"ಅಜ್ಜಿ ಇಲ್ಲೇ ಐತಲ್ಲ ಪುಟ್ಟಿ, ನೋಡು" ಎಂದು ರೂಪಾ ನನ್ನ ಕಡೆ ತೋರಿಸಿದಳು.

ಇಳಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಇಲ್ಲ ಎಂದು ತಲೆಯಾಡಿಸಿದಳು. ಫೋನಿನ ಮೇಲೆ ಬೆರಳಿಟ್ಟು ಮತ್ತೆ, "ಅಜ್ಜಿ" ಅಂದಳು.

"ನೀನು ರೂಮಿಗೋಗಿ ಫೋನ್ ಎತ್ತಿಬಿಡು, ಮುಗೀತು" ಅಂದರು ನಮ್ಮ ಮನೆಯವರು.

ನನಗೆ ಸಿಟ್ಟು ಬಂತು. ನನ್ನ ಮನೆಯಲ್ಲಿ, ನನ್ನ ಮೊಮ್ಮಗಳ ಎದುರಿಗೆ ನಾನೇ ಇರುವಾಗ, ನಾನು ಫೋನಿನೊಳಗೆ ಹೋಗಿ ಕೂರಬೇಕೇ? "ಸಾಧ್ಯವೇ ಇಲ್ರಿ" ಅಂದೆ. ಅಡುಗೆ ಮನೆಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. (ಈರುಳ್ಳಿ ಹೆಚ್ಚುತ್ತಿರಲಿಲ್ಲ.)

ಮರುದಿನ ಬೆಳಿಗ್ಗೆ ಹೊಸ ಐಡಿಯಾ ಬಂತು. ಕೂಸಿಗೆ ಊರು ತೋರಿಸೋಣ. ಊರು ಮೆಚ್ಚಿದರೆ ಊರಿನ ಅಜ್ಜಿಯನ್ನೂ ಮೆಚ್ಚುತ್ತದೆ ಎಂದು ನನ್ನ ಲೆಕ್ಕಾಚಾರ. ನಮ್ಮ ಹಳೇ ಕಾರು ಹೊರಬಿತ್ತು. ನಾನು ಮತ್ತೆ ಒಳ್ಳೆ ಸೀರೆ ಉಟ್ಟೆ.

ಒಂದು ಸಂಗತಿ ಮಾತ್ರ ನನಗೆ ಗೊತ್ತಿರಲಿಲ್ಲ. ಪ್ರತಿ ಭಾನುವಾರ ಅವಳಪ್ಪ ಅವಳನ್ನು ಸ್ಕೂಟರ್ ಮುಂದೆ ನಿಲ್ಲಿಸಿಕೊಂಡು ಹಡಗು ತೋರಿಸಲು ಕರೆದೊಯ್ಯುತ್ತಾರಂತೆ. ಅವಳ ಪ್ರಕಾರ ತಿರುಗಾಟ ಎಂದರೆ ಹಡಗು. ಉಳಿದದ್ದೆಲ್ಲ ದಾರಿ.

ಬೆಣ್ಣೆ ದೋಸೆ ಹೋಟೆಲಿಗೆ ಹೋದೆವು. ದೋಸೆ ಮೇಲಿನ ಬೆಣ್ಣೆಯನ್ನೆಲ್ಲ ಬೆರಳಲ್ಲಿ ತೆಗೆದು ನೆಕ್ಕಿದಳು. ಆಹಾ, ನಮ್ಮ ರಕ್ತ ಎಂದುಕೊಂಡೆ. ಬೆಣ್ಣೆ ಮುಗಿದ ಮೇಲೆ ಸುತ್ತ ನೋಡಿ, "ಹಡಗು?" ಅಂದಳು.

ಗಾಜಿನ ಮನೆಗೆ ಹೋದೆವು. ಇಷ್ಟು ದೊಡ್ಡ ಗಾಜಿನ ಮನೆ ಎಲ್ಲೈತೆ ಹೇಳು ನೋಡೋಣ ಎಂದು ನಾನು ಹೆಮ್ಮೆಯಿಂದ ಗೈಡ್ ಕೆಲಸ ಮಾಡಿದೆ. ಅವಳು ಹೂವಿನ ಕುಂಡಗಳ ಮಧ್ಯೆ ಓಡಿಯಾಡಿ, ಅವಳಮ್ಮನ ಚೂಡಿದಾರ ಎಳೆದು ಕೇಳಿದಳು, "ಹಡಗು?"

ಪಕ್ಕದಲ್ಲೇ ಕುಂದವಾಡ ಕೆರೆ. ನೀರು ಕಂಡದ್ದೇ ಕೂಸು ಕುಣಿದಾಡಿತು. ಕಟ್ಟೆ ಮೇಲೆ ನಿಂತು ಆ ತುದಿಯಿಂದ ಈ ತುದಿಯವರೆಗೆ ಹುಡುಕಿತು. ಎರಡು ಬೆಳ್ಳಕ್ಕಿ ಇದ್ದವು. ಹಡಗು ಇರಲಿಲ್ಲ. ಕೆಳದುಟಿ ಮುಂದೆ ಬಂತು, ಅಳು ಶುರುವಾಯಿತು. ಸಮಾಧಾನ ಮಾಡಲು ನಾನು ಕೈ ಚಾಚಿದೆ. ಆ ಅಳುವಿನಲ್ಲೂ ನನ್ನ ಕೈ ತಳ್ಳಿತು.

"ದಾವಣಗೆರಿಗೆ ಒಂದು ಬಂದರು ಕಟ್ಟಿಸ್ರಿ ಅಂತ ಅರ್ಜಿ ಕೊಡಾನ ಬಿಡು" ಅಂದರು ನಮ್ಮ ಮನೆಯವರು. ಎಲ್ಲರೂ ನಕ್ಕರು. ಅವತ್ತಿನ ಫೋಟೋಗಳನ್ನು ನೋಡಿದರೆ ಗೊತ್ತಾಗುತ್ತದೆ, ಪ್ರತಿಯೊಂದರಲ್ಲೂ ನಾನು ಕ್ಯಾಮೆರಾ ನೋಡಿ ನಗುತ್ತಿದ್ದೇನೆ, ಕೂಸು ನನಗೆ ಬೆನ್ನು ತಿರುಗಿಸಿದೆ.

ಮೂರನೇ ದಿನ ಹೆಚ್ಚು ಮಾತಿಲ್ಲದೆ ಕಳೆಯಿತು. ನಾನು ಹತ್ತಿರ ಹೋಗುವುದನ್ನೇ ಬಿಟ್ಟೆ. "ಸ್ವಲ್ಪ ಟೈಮ್ ಕೊಡಮ್ಮ, ಅದಿನ್ನೂ ಹೆದರ್ಕಂಡೈತೆ" ಅಂದಳು ರೂಪಾ. ಟೈಮ್ ಎಲ್ಲಿಂದ ತರಲಿ? ನಾಳೆ ಸಂಜೆ ಬಸ್ಸು.

ಕೊನೆಯ ದಿನ ಬೆಳಿಗ್ಗೆ ಹರಿಹರಕ್ಕೆ ಹೊರಟೆವು. ದೇವರ ದರ್ಶನ ಆಗಲಿ, ಹೊಳೆ ನೋಡಲಿ ಅಂತ. ನನಗೆ ಉತ್ಸಾಹ ಇಳಿದಿತ್ತು. ಮನೆಯಲ್ಲುಡುವ ಕಾಟನ್ ಸೀರೆಯಲ್ಲೇ ಹೊರಟೆ. ಗುಡಿಯಲ್ಲಿ ಅರ್ಧ ಹರಿ ಅರ್ಧ ಹರನಾಗಿ ನಿಂತ ಸ್ವಾಮಿಯ ಮುಂದೆ, ದೊಡ್ಡದೇನೂ ಕೇಳುತ್ತಿಲ್ಲಪ್ಪ, ಒಂದು ಸಲ ಬಂದು ತೊಡೆ ಮೇಲೆ ಕೂರಲಿ ಅಂದೆ. ಇಬ್ಬರಲ್ಲಿ ಯಾರಾದರೂ ಒಬ್ಬರು ಕೇಳಿಸಿಕೊಂಡರೆ ಸಾಕಿತ್ತು.

ಹೊಳೆ ಬೇಸಿಗೆಗೆ ಇಳಿದಿತ್ತು. ಬಂಡೆಗಳ ಮಧ್ಯೆ ತೆಳ್ಳಗೆ ಹರಿಯುತ್ತಿತ್ತು. ಇಳಾ ಮಾಮೂಲಿ ಪ್ರಶ್ನೆ ಕೇಳಿದಳು. ಹಡಗು ಮಲಗಿದೆ ಎಂದು ರೂಪಾ ಹೇಳಿದಳು. ಬಿಸಿಲು ಚುರುಗುಟ್ಟುತ್ತಿತ್ತು. ಮೆಟ್ಟಿಲು ಸರಿಯಾಗಿ ಕಾಣಲೆಂದು ಕನ್ನಡಕ ಹಾಕಿಕೊಂಡೆ, ಬ್ಯಾಗಿನಲ್ಲಿದ್ದ ಟವೆಲ್ ತೆಗೆದು ತಲೆ ಮೇಲೆ ಹೊದ್ದುಕೊಂಡೆ, ಮಂಡಿ ಹಿಡಿದುಕೊಂಡು ನೆರಳಿದ್ದ ಮೆಟ್ಟಿಲ ಮೇಲೆ ಕುಸಿದು ಕೂತೆ.

ನಮ್ಮ ಮನೆಯವರು ಅಷ್ಟರಲ್ಲಿ ಮಾಯವಾಗಿದ್ದರು. ಬಂದಾಗ ಕೈಯಲ್ಲಿ ಪೇಪರ್ ಪೊಟ್ಟಣ. ಮಂಡಕ್ಕಿ, ಒಂದಿಷ್ಟು ಹೆಚ್ಚಿದ ಈರುಳ್ಳಿ.

"ಮೂರು ದಿನದಿಂದ ಬರೀ ಸಿಹಿ ತಿಂದು ನಾಲಿಗೆ ಕೆಟ್ಟೋಗೈತೆ. ಬೈಬ್ಯಾಡ. ಕಲಸ್ಕೊಡು" ಅಂದರು.

ಬೈಯಲು ಶಕ್ತಿಯೂ ಇರಲಿಲ್ಲ. ಊಟ ತಂದಿದ್ದ ಸ್ಟೀಲ್ ಡಬ್ಬಿಯನ್ನು ತೊಳೆದು, ಅದಕ್ಕೆ ಮಂಡಕ್ಕಿ ಸುರಿದು, ತೊಡೆ ಮೇಲಿಟ್ಟುಕೊಂಡು ಕಲಸತೊಡಗಿದೆ. ಕೈ ತಾನೇ ತಾನಾಗಿ ತಿರುಗುತ್ತಿತ್ತು. ಮನಸ್ಸು ಸಂಜೆಯ ಬಸ್ಸಿನ ಹತ್ತಿರ ಹೋಗಿಬಿಟ್ಟಿತ್ತು.

ಸ್ವಲ್ಪ ಹೊತ್ತಿಗೆ ಎದುರಿಗೆ ಎರಡು ಪುಟ್ಟ ಪಾದ ಕಂಡವು.

ತಲೆ ಎತ್ತಿದೆ. ಇಳಾ ನಿಂತಿದ್ದಳು. ಡಬ್ಬಿ ನೋಡಿದಳು, ನನ್ನ ಕೈ ನೋಡಿದಳು, ಕನ್ನಡಕ ನೋಡಿದಳು. ಆಮೇಲೆ ಬಾಯಿ ತೆರೆದಳು.

"ಆಂ."

ಈರುಳ್ಳಿ ತಾಗದ ಒಂದು ಕಾಳು ಹುಡುಕಿ ಅವಳ ನಾಲಿಗೆ ಮೇಲಿಟ್ಟೆ. ಅಗಿದಳು. ಮತ್ತೆ ಬಾಯಿ ತೆರೆದಳು. ಮತ್ತೆ ಇಟ್ಟೆ. ಆಮೇಲೆ ಒಂದು ಬೆರಳು ಚಾಚಿ, ಫೋನಿನ ಸ್ಕ್ರೀನ್ ಒತ್ತುವ ಹಾಗೆ, ನನ್ನ ಮೂಗು ಒತ್ತಿದಳು. ಕೆನ್ನೆ ಒತ್ತಿದಳು. ಒತ್ತಿದ ಕಡೆ ಕೆನ್ನೆ ಒಳಗೆ ಹೋಗುವುದನ್ನು ನೋಡಿ ಅವಳಿಗೆ ಆಶ್ಚರ್ಯವಾದಂತಿತ್ತು.

"ಅಜ್ಜಿ" ಅಂದಳು.

ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ತಾನೇ ನನ್ನ ತೊಡೆ ಹತ್ತಿ ಕೂತಳು. ಮಂಡಿ ನೋಯಿತು. ನೋಯಲಿ. ಅವಳ ನೆತ್ತಿಯ ಬೆವರಿನ ವಾಸನೆ ಐದು ತಿಂಗಳ ಕೂಸಾಗಿದ್ದಾಗ ಹೇಗಿತ್ತೋ ಹಾಗೇ ಇತ್ತು. ನಾನು ಗೊಳೋ ಎಂದು ಅತ್ತುಬಿಟ್ಟೆ.

"ಅಮ್ಮಾ, ಅಳಬ್ಯಾಡ ಸುಮ್ನಿರು, ಕೂಸು ಮತ್ತೆ ಗಾಬರಿ ಆಗ್ತೈತೆ" ಅಂದಳು ರೂಪಾ.

ನಮ್ಮ ಮನೆಯವರು ಪೊಟ್ಟಣದ ಪೇಪರನ್ನು ಮಡಚಿ ಒಂದು ದೋಣಿ ಮಾಡಿ ಹೊಳೆಗೆ ಬಿಟ್ಟರು. "ನೋಡವ್ವ ಇಳಾ, ಹರಿಹರದ ಹಡಗು" ಎಂದು ಕೂಗಿದರು. ಹಡಗು ಹತ್ತು ಮಾರು ಹೋಗಿ ಬಂಡೆಗೆ ಸಿಕ್ಕಿಕೊಂಡಿತು. ಇಳಾ ಆ ಕಡೆ ತಿರುಗಿಯೂ ನೋಡಲಿಲ್ಲ. ಅವಳು ನನ್ನ ಬಾಯಿಗೆ ಮಂಡಕ್ಕಿ ತುರುಕುವುದರಲ್ಲಿ ಬ್ಯುಸಿ ಇದ್ದಳು.

ವಾಪಸ್ ಬರುವಾಗ ಕಾರಿನಲ್ಲಿ ಯೋಚಿಸಿದೆ. ಬರುವವರು ನಮ್ಮವರೇ ಎಂದ ಕೂಡಲೇ ನಾವು ಯಾಕೆ ಹೀಗೆ ಆಡುತ್ತೇವೆ? ದಿನಾ ಉಡುವ ಬಟ್ಟೆ, ದಿನಾ ತಿನ್ನುವ ತಿಂಡಿ, ದಿನಾ ಇರುವ ಮುಖ, ಎಲ್ಲವನ್ನೂ ಅಟ್ಟಕ್ಕೆ ಹಾಕಿ ಬೇರೆ ಯಾರೋ ಆಗಿ ಬಾಗಿಲಲ್ಲಿ ನಿಲ್ಲುತ್ತೇವೆ. ಆ ಕೂಸು ಮಂಗಳೂರಿನಿಂದ ನೋಡಲು ಬಂದದ್ದು ನೈಟಿ ಹಾಕಿಕೊಂಡು ಮಂಡಕ್ಕಿ ಕಲಸುವ ಒಬ್ಬ ಅಜ್ಜಿಯನ್ನು. ನಾನೇ ಆ ಅಜ್ಜಿಯನ್ನು ಬಚ್ಚಿಟ್ಟಿದ್ದೆ. ಪಾಪ, ಮೂರು ದಿನ ಹುಡುಕಿದಳು, ಒಮ್ಮೆ ಗಿರಿಜಕ್ಕನ ಹತ್ತಿರ ಕೂಡ ಹುಡುಕಿದಳು.

ಸಂಜೆ ಬಸ್ಸು ಹತ್ತುವಾಗ ನನ್ನ ಕುತ್ತಿಗೆಯಿಂದ ಅವಳ ಕೈ ಬಿಡಿಸಲು ರೂಪಾ ಒದ್ದಾಡಿದಳು. ನನಗೆ ನಾಚಿಕೆಯಿಲ್ಲದಷ್ಟು ಸಂತೋಷವಾಯಿತು. (ಬೀಗಿತ್ತಿಯವರೇ, ಓದುತ್ತಿದ್ದರೆ ಕ್ಷಮಿಸಿ.)

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

ಮರುದಿನ ದೀಪ ಹಚ್ಚಿದ ಮೇಲೆ ಫೋನ್ ಬಂತು. ನೈಟಿ, ಟವೆಲ್, ಕನ್ನಡಕ, ಬೋಗುಣಿ, ಎಲ್ಲ ರೆಡಿ ಇಟ್ಟುಕೊಂಡು ಕೂತಿದ್ದೆ. ಒಂದು ಕಾಳು ಎತ್ತಿ ಹಿಡಿದು "ಆಂ ಮಾಡು" ಅಂದೆ. ಇಳಾ ಬಾಯಿ ತೆರೆಯಲಿಲ್ಲ. ನನ್ನ ಕೆನ್ನೆ ಇರುವ ಕಡೆ ಬೆರಳು ಒತ್ತಿದಳು. ಇನ್ನೂ ಜೋರಾಗಿ ಒತ್ತಿದಳು. ಫೋನ್ ತಿರುಗಿಸಿ ಅದರ ಬೆನ್ನ ಹಿಂದೆ ನೋಡಿದಳು. ಆಮೇಲೆ ಅದನ್ನು ಎಸೆದು ಅಳತೊಡಗಿದಳು. ನನಗೆ ಕಂಡದ್ದು ಅವರ ಮನೆಯ ಫ್ಯಾನ್, ಕೇಳಿದ್ದು ಅವಳ ದನಿ.

"ಇದು ಬೇಡ. ಅಜ್ಜಿ ಬೇಕು."

ಅವತ್ತಿನಿಂದ ಫೋನ್ ಕಂಡರೆ ಮುಖ ತಿರುಗಿಸುತ್ತಾಳೆ. "ಹಿಂಗಾದ್ರೆ ಹೆಂಗಮ್ಮ?" ಎಂದು ರೂಪಾ ಕೇಳುತ್ತಾಳೆ. ಒಂದೂವರೆ ವರ್ಷ ಕೂಸಿಗೆ ಸಾಕಾಗಿದ್ದ ಫೋನಿನ ಅಜ್ಜಿಯನ್ನು ನಾನೇ ಸಾಲದಂತೆ ಮಾಡಿಬಿಟ್ಟೆ.

ನಾಳೆ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ, ಘಟ್ಟದ ರಸ್ತೆಗೆ ಈ ಮಂಡಿ ತಡೆಯುತ್ತದೆಯೇ ಎಂದು ಕೇಳಲು. ಎರಡು ನೈಟಿ ಮತ್ತು ಮಂಡಕ್ಕಿ ಡಬ್ಬ ಬ್ಯಾಗಿಗೆ ಹಾಕಿಯಾಗಿದೆ. ಅವರು ಬೇಡ ಅಂದರೆ ಕೇಳುವವರು ಯಾರು?